ಚೊಗರಿನ ಲೆಕ್ಕ

ಬಳ್ಳಿಗಾವಿಗೆ ವ್ಯಾಪಾರದ ಮಾತು ಹೊಸದಲ್ಲ. ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿದ್ದ ಈ ಊರಿನ ಶಾಸನಗಳಲ್ಲಿ ವರ್ತಕ ಸಂಘಗಳ ಉಲ್ಲೇಖಗಳಿವೆ. ಕೋಡಿಯ ಮಠದ 1162ರ ಶಾಸನವಂತೂ ಒಂದೇ ಸಂಸ್ಥೆಯು ವ್ಯಾಕರಣ ಪಾಠ, ಅನ್ನದಾನ, ರೋಗಿಗಳ ಚಿಕಿತ್ಸೆಗಳೆಲ್ಲವನ್ನೂ ನಡೆಸುತ್ತಿದ್ದುದನ್ನು ದಾಖಲಿಸುತ್ತದೆ. ಮಠವನ್ನು ಅಂಗಡಿಗೆ ಹೋಲಿಸುವುದು ಸಲ್ಲದಾದರೂ, ಇರುವ ಸೂರಿನ ಕೆಳಗೇ ಇನ್ನೇನು ಸಾಧ್ಯ ಎಂಬ, ಉತ್ಪನ್ನ ಶ್ರೇಣಿಯ ವಿಸ್ತರಣೆ ಕುರಿತ ಈ ಸಂಕಿರಣದ ಪ್ರಶ್ನೆಗೆ ಆ ಶಾಸನ ತೀರ ದೂರದ್ದಲ್ಲ.

ಉತ್ಪನ್ನ ಶ್ರೇಣಿಯ ವಿಸ್ತರಣೆ ಎಂದರೆ, ಉದ್ಯಮವೊಂದು ತಾನು ಮಾರುತ್ತಿರುವ ಸರಕಿನ ಜೊತೆಗೆ ಅದೇ ಕಚ್ಚಾವಸ್ತುವಿನಿಂದಲೋ ಅದೇ ಕಸುಬಿನಿಂದಲೋ ಅದೇ ಗಿರಾಕಿಗಾಗಿಯೋ ಮತ್ತೊಂದು ಸರಕನ್ನು ರೂಪಿಸಿ, ಆದಾಯಕ್ಕೆ ಎರಡನೆಯ ದಾರಿ ಮಾಡಿಕೊಳ್ಳುವುದು. ನೆರೆಯವನು ಮಾಡಿದ್ದನ್ನೇ ಮಾಡುವುದು ವಿಸ್ತರಣೆಯಲ್ಲ, ಬರಿಯ ಪೈಪೋಟಿ.

ಶಿಕಾರಿಪುರ, ಸೊರಬ ಸೀಮೆಯ ಕೆಂಪಡಿಕೆಯನ್ನೇ ನೋಡಬಹುದು. ಹಸಿ ಅಡಿಕೆಯನ್ನು ಸುಲಿದು ಬೇಯಿಸುವಾಗ ಒಂದರ ಮೇಲೊಂದು ಒಬ್ಬೆಯ (ಒಮ್ಮೆಗೆ ಬೇಯಿಸುವ ಅಡಿಕೆಯ) ರಸ ಸೇರಿ ಗಟ್ಟಿಯಾಗುವ ಕೆಂಗಂದು ದ್ರವವೇ ಚೊಗರು. ಅಡಿಕೆಗೆ ಬಣ್ಣ ಕೊಟ್ಟು ಉಳಿದ ಈ ದ್ರವವು ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಮಹಿಳೆಯರ ಸಹಕಾರ ಸಂಘವಾದ ಚರಕದ ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣವಾಯಿತು. ಬೇಯಿಸುವ ಹಂಡೆಯಲ್ಲಿ ಉಳಿಕೆಯಾಗಿದ್ದದ್ದು ಮಗ್ಗದ ಮನೆಯಲ್ಲಿ ಮೂಲವಸ್ತುವಾಯಿತೆಂಬುದು ಇಲ್ಲಿಯ ಮುಖ್ಯ ಸಂಗತಿ. ಆದರೆ ತನ್ನ ಫಸಲನ್ನು ಹಸಿಯಾಗಿಯೇ ಖೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟುಬಿಡುವ ಬೆಳೆಗಾರನ ಕೈಗೆ ಚೊಗರೂ ಸಿಗದು, ಅದರ ಬೆಲೆಯೂ ಸಿಗದು.

ಸೊರಬ, ಸಾಗರಗಳ ಗುಡಿಗಾರರದು ಇದಕ್ಕಿಂತ ಹಳೆಯ ಪಾಠ. ಶ್ರೀಗಂಧದಲ್ಲಿ ವಿಗ್ರಹ, ಪೆಟ್ಟಿಗೆಗಳನ್ನು ಕೆತ್ತಿದ ಈ ಕುಶಲಕರ್ಮಿಗಳು ಗಂಧದ ತೆಳುವಾದ ಹೆರೆಗಳಿಂದ ಹಾರ ಕಟ್ಟಿದರು; ಗಂಧ ದುರ್ಲಭವಾದಾಗ ಶಿವನಿ ಮರದ ಮೇಲೆ ಅದೇ ಉಳಿಯನ್ನು ಆಡಿಸಿದರು. ಅವರ ಬಂಡವಾಳ ಮರವಾಗಿರಲಿಲ್ಲ, ಕೈಯಾಗಿತ್ತು.

ದೊಡ್ಡ ಪ್ರಮಾಣದಲ್ಲಿಯೂ ತರ್ಕ ಬೇರೆಯಲ್ಲ. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದುದು ಹೊರನೋಟಕ್ಕೆ ವಿಚಿತ್ರವೆನಿಸಿದರೂ, ಕೋಕೋ ಬೆಳೆಯುತ್ತಿದ್ದುದು ಅಡಿಕೆ ತೋಟದ ನೆರಳಿನಲ್ಲಿಯೇ ಆದ್ದರಿಂದ ಆ ನಡೆ ಸಹಜವೇ ಆಗಿತ್ತು.

ಹೊಸ ಸರಕು ಹೊಸ ಅಪಾಯವನ್ನೂ ತರುತ್ತದೆ. ತೋಟದಲ್ಲಿ ಉದುರುವ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಘಟಕಗಳು ಮಲೆನಾಡು, ಕರಾವಳಿಗಳಲ್ಲಿ ಹಬ್ಬಿದ ಮೇಲೆ, 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯು ಅಡಿಕೆ ಹಾಳೆಯ ತಟ್ಟೆಗಳು ಆಹಾರಕ್ಕೆ ಸುರಕ್ಷಿತವಲ್ಲವೆಂದು ಅವು ಅಲ್ಲಿಯ ಪೇಟೆಗೆ ಬರದಂತೆ ತಡೆಯೊಡ್ಡಿತು. ಒಂದೇ ಪೇಟೆಯನ್ನು ನೆಚ್ಚಿದ ವಿಸ್ತರಣೆ ಹಳೆಯ ಏಕಬೆಳೆಯ ಇನ್ನೊಂದು ರೂಪವಷ್ಟೆ.

ಆದ್ದರಿಂದ ಮುಂದಿನ ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವವರು ಹೊಸ ಸರಕಿನ ಹೆಸರನ್ನಷ್ಟೇ ಹೇಳದೆ, ಸೌದೆ, ಸಾಗಣೆ, ಹಾಳಾದ ಮಾಲುಗಳ ಜೊತೆಗೆ ಮನೆಯ ಹೆಂಗಸರ ದುಡಿಮೆಗೂ ಕೂಲಿ ಕಟ್ಟಿದ ಪೂರ್ಣ ವೆಚ್ಚದ ಪಟ್ಟಿಯನ್ನು ಸಭೆಯ ಮುಂದಿಡಬೇಕೆಂಬುದು ಈ ಆಶಯ ಭಾಷಣದ ಕೋರಿಕೆ.