ಅಟ್ಟೆಯೊಳಗಿನ ಕಬ್ಬು



ವಿಕ್ರೋಳಿ ಎಂದ ಕೂಡಲೇ ಮುಂಬೈಯವರಿಗೆ ನೆನಪಾಗುವುದು ಗೋದ್ರೇಜ್. ಅಲ್ಲಿನ ಬೀರು, ಬೀಗ, ಸಾಬೂನು ಎಲ್ಲರಿಗೂ ಗೊತ್ತು. ಸಸ್ಯದ ಎಣ್ಣೆಗಳಿಂದ ಅಲ್ಲಿ ಸ್ಟಿಯರಿಕ್ ಆಮ್ಲವನ್ನೂ ತಯಾರಿಸುತ್ತಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೇಣದಂಥ ಬಿಳಿ ಚಕ್ಕೆಗಳು ಅವು. ರಬ್ಬರನ್ನು ಗಂಧಕದೊಡನೆ ಬೇಯಿಸುವಾಗ, ನೂರು ಪಾಲು ರಬ್ಬರಿಗೆ ಒಂದೆರಡು ಪಾಲಿನಷ್ಟು ಇದನ್ನು ಸತುವಿನ ಆಕ್ಸೈಡಿನ ಜೊತೆ ಸೇರಿಸುತ್ತಾರೆ. ಆಗಲೇ ಚಪ್ಪಲಿಯ ಅಟ್ಟೆ ಹದವಾಗಿ ಗಟ್ಟಿಯಾಗುವುದು. ಹೀಗೆ ಪೆಟ್ರೋಲಿಯಂ ರಬ್ಬರಿನ ಅಟ್ಟೆಯಲ್ಲೂ ಚೂರುಪಾರು ಸಸ್ಯ ಸೇರಿರುತ್ತದೆ. ಉಳಿದದ್ದನ್ನೂ ಸಸ್ಯದಿಂದಲೇ ಪಡೆಯಬಹುದೇ? ಪಡೆಯಬಹುದು. ನಮ್ಮ ದೇಶವೇ ಒಮ್ಮೆ ಬಹುಪಾಲು ಹಾಗೆ ಪಡೆದಿತ್ತು.

ರಬ್ಬರಿಗಿಂತ ಮೊದಲು ನಮ್ಮ ಕಾಲಡಿಯಲ್ಲಿ ಇದ್ದದ್ದು ತೊಗಲು. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲಿನಿಂದ ಕೊಲ್ಹಾಪುರಿ ಚಪ್ಪಲಿ ಹೊಲಿಯುತ್ತ ಬಂದಿದ್ದಾರೆ. ಆದರೆ ಮಳೆಗಾಲದ ಮುಂಬೈಗೆ ಅದು ಒಗ್ಗುವುದಿಲ್ಲ, ನೆನೆದರೆ ಕೆಟ್ಟಿತು.

1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದ ಮೇಲೆ ಮರದ ಹಾಲಿನ ರಬ್ಬರ್ ಬಿಸಿಲಿಗೂ ಚಳಿಗೂ ಜಗ್ಗದ ವಸ್ತುವಾಯಿತು. ಕೇರಳದ ಪೆರಿಯಾರ್ ದಡದಲ್ಲಿ 1902ರಲ್ಲಿ ವಾಣಿಜ್ಯ ತೋಟ ಎದ್ದಿತು. ಮುಂದೆ ಸುಳ್ಯ, ಪುತ್ತೂರು, ಕಾಸರಗೋಡಿನ ಗುಡ್ಡಗಳಿಗೂ ರಬ್ಬರ್ ಹಬ್ಬಿತು. 1942ರಲ್ಲಿ ಜಪಾನ್ ಮಲಯವನ್ನು ವಶಪಡಿಸಿಕೊಂಡಾಗ ಮಿತ್ರರಾಷ್ಟ್ರಗಳಿಗೆ ಮರದ ರಬ್ಬರಿನ ದಾರಿ ಬಹುಪಾಲು ಮುಚ್ಚಿತು. ಅಮೆರಿಕ ಕೃತಕ ರಬ್ಬರಿಗೆ ಕೈಹಾಕಿತು. ಬ್ಯುಟಾಡೈಯೀನ್ ಮುಕ್ಕಾಲು ಪಾಲು, ಸ್ಟೈರೀನ್ ಕಾಲು ಪಾಲು ಸೇರಿದ ಆ ರಬ್ಬರೇ ಇಂದು ಅಸಂಖ್ಯ ಬೂಟುಗಳ ತಳದಲ್ಲಿದೆ. ಸವೆತ ಕಡಿಮೆ, ಒಂದೇ ಹದ. ಕಾರ್ಖಾನೆಗಳಿಗೆ ಇಷ್ಟವಾದದ್ದು ಸಹಜ.

ಈಗ ಉತ್ತರ ಪ್ರದೇಶದ ಬರೇಲಿಗೆ ಬನ್ನಿ. ಮುಂಬೈಯ ಕಿಲಾಚಂದ್ ಮನೆತನದ ಸಿಂಥೆಟಿಕ್ಸ್ ಅಂಡ್ ಕೆಮಿಕಲ್ಸ್ ಕಂಪನಿ 1963ರಲ್ಲಿ ಅಲ್ಲಿ ದೇಶದ ಮೊದಲ ಕೃತಕ ರಬ್ಬರ್ ಕಾರ್ಖಾನೆ ಆರಂಭಿಸಿತು. ಅಲ್ಲಿ ಬ್ಯುಟಾಡೈಯೀನ್ ತಯಾರಾಗುತ್ತಿದ್ದದ್ದು ಕಚ್ಚಾತೈಲದಿಂದಲ್ಲ, ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಬಟ್ಟಿಯಿಳಿಸಿದ ಮದ್ಯಸಾರದಿಂದ! ಸೋವಿಯತ್ ಒಕ್ಕೂಟದಲ್ಲಿ ಸೆರ್ಗೆಯ್ ಲೆಬೆದೆವ್ 1930ರ ದಶಕದಲ್ಲೇ ಮದ್ಯಸಾರದಿಂದ ರಬ್ಬರ್ ಮಾಡುವ ದಾರಿ ತೋರಿಸಿದ್ದರು. ನಮ್ಮಲ್ಲಿ ಅದಕ್ಕೆ ಅಡ್ಡಬಂದದ್ದು ಕೈಗಾರಿಕಾ ಮದ್ಯಸಾರದ ಮೇಲಿನ ರಾಜ್ಯದ ಶುಲ್ಕ. ಕಂಪನಿಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1989ರಲ್ಲಿ ತೀರ್ಪು ಕಂಪನಿಯ ಪರವಾಗಿ ಬಂತು. 2024ರ ಅಕ್ಟೋಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಭಿನ್ನಮತ ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಬ್ಬರೇ. ಅಷ್ಟರಲ್ಲಿ ಬರೇಲಿಯ ಕಾರ್ಖಾನೆ ಮುಚ್ಚಿ ಬಹಳ ಕಾಲವಾಗಿತ್ತು.

ಅದೇ ಕಬ್ಬು ಈಗ ಹೊರದೇಶದ ಬೂಟಿನಲ್ಲಿ ಕಾಣಿಸಿಕೊಂಡಿದೆ. ಬ್ರೆಜಿಲ್‌ನ ಬ್ರಾಸ್ಕೆಮ್ ಕಂಪನಿ ಕಬ್ಬಿನ ಮದ್ಯಸಾರವಾದ ಎಥೆನಾಲ್‌ನಿಂದ ಇವಿಎ ಎಂಬ ಮೆತ್ತನೆಯ ಪ್ಲಾಸ್ಟಿಕ್ ಮಾಡಿತು. 2018ರಲ್ಲಿ ಪಾದರಕ್ಷೆ ಕಂಪನಿ ಆಲ್‌ಬರ್ಡ್ಸ್ ಅದರ ಅಟ್ಟೆ ತಂದಿತು. ರಬ್ಬರಿಗೆ ಬಲ ಕೊಡುವ ಸಿಲಿಕಾವನ್ನು ಭತ್ತದ ಹೊಟ್ಟಿನ ಬೂದಿಯಿಂದಲೂ ತೆಗೆಯುತ್ತಾರೆ. ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದೆ ಬೀಳುವ ಹೊಟ್ಟು ಎಷ್ಟೆಂದು ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತು. ಸಸ್ಯದಿಂದ ಬಂದಿತೆಂದ ಮಾತ್ರಕ್ಕೆ ಅಟ್ಟೆ ಮಣ್ಣಿನಲ್ಲಿ ಕರಗುವುದಿಲ್ಲ. ಗಂಧಕ ಹಾಕಿ ಬೇಯಿಸಿದ ಮರದ ರಬ್ಬರೂ ಬೇಗ ಕೊಳೆಯುವುದಿಲ್ಲ. ಕಬ್ಬಿಗೆ ನೀರೂ ಹೆಚ್ಚು ಬೇಕು. ಹಾಗಾಗಿ ಹೊಸದಾಗಿ ಕಬ್ಬು ಹಾಕುವುದಕ್ಕಿಂತ ಈಗಿರುವ ಕಾಕಂಬಿಯನ್ನು ಬಳಸುವುದೇ ಸರಿ.

ಬೆಳಗಾವಿ, ಬಾಗಲಕೋಟೆ ಕಾರ್ಖಾನೆಗಳ ಎಥೆನಾಲ್ ಇಂದು ಪೆಟ್ರೋಲಿಗೆ ಬೆರೆಯುತ್ತಿದೆ. ಅದರಲ್ಲಿ ಒಂದು ಪಾಲನ್ನು ರಬ್ಬರಿಗೆ ಮೀಸಲಿಡಬೇಕೆಂದು ಸರ್ಕಾರವನ್ನೂ ಉದ್ಯಮಿಗಳನ್ನೂ ಕೇಳಿಕೊಳ್ಳುತ್ತೇನೆ. ಕೇಳುಗರಲ್ಲೂ ಒಂದು ವಿನಂತಿ: ಅಟ್ಟೆ ಸವೆದರೆ ಚಪ್ಪಲಿ ಎಸೆಯಬೇಡಿ, ಸ್ಟೇಷನ್ ಬಳಿ ಕೂರುವ ಚಮ್ಮಾರಣ್ಣನ ಕೈಗೆ ಕೊಟ್ಟು ಹೊಸ ಅಟ್ಟೆ ಹಾಕಿಸಿ.