ಓದಿದ್ದು ಅಡುಗೆಮನೆಗೂ ಬರಲಿ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಜವಾಬ್ದಾರಿಯುತ ದಿನನಿತ್ಯದ ಬದುಕು’. ಹೆಸರು ಕೇಳಿದರೆ ದೊಡ್ಡ ವಿದ್ವಾಂಸರು ಮಾತಾಡಬೇಕಾದದ್ದು ಎನ್ನಿಸುತ್ತದೆ. ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ತರಬೇತಿ ಪಡೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ಸಹಾಯಕಿಯಾಗಿ ಮೂವತ್ತಮೂರು ವರ್ಷ ಹಳ್ಳಿ ಹಳ್ಳಿ ತಿರುಗಿದವಳು. ಜನ ‘ನರ್ಸಮ್ಮ’ ಎಂದು ಕರೆದು ನಡುಮನೆ ದಾಟಿಸಿ ಅಡುಗೆಮನೆಯ ತನಕ ಬಿಟ್ಟುಕೊಂಡರು. ಅಲ್ಲಿ ಕಂಡದ್ದನ್ನೇ ನಾನು ಹೇಳಬಲ್ಲೆ.

ಈ ಶಾಲೆ ನಮಗೆಲ್ಲ ಎರಡು ವಿದ್ಯೆ ಕೊಟ್ಟಿತು. ಒಂದು ಓದು, ಇನ್ನೊಂದು ಲೆಕ್ಕ. ಅವೆರಡನ್ನೂ ಪರೀಕ್ಷೆಗೆ ಬಳಸಿದೆವು, ನೌಕರಿಗೆ ಬಳಸಿದೆವು. ಮನೆಯೊಳಕ್ಕೆ ಮಾತ್ರ ಕರೆದುಕೊಂಡು ಹೋದವರು ಕಡಿಮೆ. ಗೋಡೆಯ ಮೇಲೆ ಮಗನ ಪದವಿ ಪ್ರದಾನದ ಫೋಟೊ ಇರುತ್ತದೆ. ಅದೇ ಗೋಡೆಯ ಗೂಡಿನಲ್ಲಿ ಅವಧಿ ಮುಗಿದ ಮಾತ್ರೆ, ಪಕ್ಕದಲ್ಲಿ ಕೀಟನಾಶಕದ ಬಾಟಲಿ. ಓದು ಬಲ್ಲವರು ನಾಲ್ಕು ಜನ ಇದ್ದರೂ ಆ ಚೀಟಿಯನ್ನು ಓದಿದವರು ಒಬ್ಬರೂ ಇರುವುದಿಲ್ಲ.

ಇದು ಸಣ್ಣ ಮಾತಲ್ಲ ಎಂಬುದಕ್ಕೆ ಒಂದು ಶಾಲೆಯ ಸಂಗತಿಯನ್ನೇ ಹೇಳುತ್ತೇನೆ. ಬಿಹಾರದ ಸಾರಣ್ ಜಿಲ್ಲೆಯಲ್ಲಿ ಗಂಡಾಮನ್ ಎಂಬ ಹಳ್ಳಿ ಇದೆ. 2013ರ ಜುಲೈ 16ರಂದು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ ಮಕ್ಕಳಲ್ಲಿ 23 ಮಂದಿ ತೀರಿಕೊಂಡರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇತ್ತೆಂದು ಪ್ರಯೋಗಾಲಯದ ಪರೀಕ್ಷೆ ಹೇಳಿತು. ಕೀಟನಾಶಕ ತುಂಬಿದ್ದ ಡಬ್ಬಿಯಲ್ಲಿ ಎಣ್ಣೆ ಇಟ್ಟಿರಬಹುದು ಎಂದು ಅಧಿಕಾರಿಗಳು ಆಗ ಹೇಳಿದರು. ಮೊನೊಕ್ರೊಟೊಫಾಸ್ ಎಂದರೆ ನಮ್ಮ ರೈತರಿಗೆ ಹೊಸ ಹೆಸರೇನೂ ಅಲ್ಲ.

ನಮ್ಮ ಸೀಮೆಯಲ್ಲೂ ಇಂಥ ಕ್ಯಾನುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಂದು ಮನೆಯಲ್ಲಿ ಹೊಲಕ್ಕೆ ನೀರು ಒಯ್ಯುವ ಕ್ಯಾನಿನ ಮೇಲೆ ಇನ್ನೂ ತಲೆಬುರುಡೆಯ ಗುರುತಿತ್ತು. “ಅಜ್ಜೀ, ಇದು ಔಷಧಿ ಕ್ಯಾನು ಅಲ್ವೇನಜ್ಜೀ?” ಎಂದೆ. “ಸೋಪು ಹಾಕಿ ಮೂರು ಸಲ ತಿಕ್ಕಿ ತೊಳ್ದಿದೀನಿ ಕಣವ್ವ. ಒಳ್ಳೆ ಗಟ್ಟಿ ಕ್ಯಾನು, ಬಿಸಾಕೋಕೆ ಮನಸ್ಸು ಬರ್ಲಿಲ್ಲ” ಎಂದರು. ಪಿಯುಸಿ ಓದುತ್ತಿದ್ದ ಮೊಮ್ಮಗ ಅಲ್ಲೇ ಕೂತಿದ್ದ. ಚೀಟಿಯನ್ನು ಗಟ್ಟಿಯಾಗಿ ಓದಲು ಹೇಳಿದೆ. ಓದಿದ. ಅಜ್ಜಿ ಅವನ ಮುಖ ನೋಡಿ, “ಇಷ್ಟು ದಿನ ಮನೇಲೇ ಇದ್ಕಂಡು ಇದನ್ನ ಓದಿ ಹೇಳ್ಲಿಲ್ವಲ್ಲೋ!” ಎಂದರು. ಅವನು, “ನೀನು ಕೇಳ್ಲಿಲ್ವಲ್ಲಜ್ಜಿ” ಎಂದ. ಇಬ್ಬರ ಮಾತೂ ನಿಜ.

ಮಕ್ಕಳೇ, ಕೀಟನಾಶಕದ ಚೀಟಿಯ ಮೇಲೆ ವಜ್ರಾಕಾರದ ಒಂದು ಗುರುತು ಇರುತ್ತದೆ. ಅದರ ಕೆಳಗಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಎಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ವಿಷವೇ ಅಲ್ಲ ಎಂದಲ್ಲ, ಉಳಿದವಕ್ಕಿಂತ ಕಡಿಮೆ ಅಷ್ಟೆ. ಖಾಲಿಯಾದ ಕ್ಯಾನನ್ನು ಮೂರು ಸಲ ಗಲಬರಿಸಿ ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿಯಬೇಕು. ಆಮೇಲೆ ಕ್ಯಾನಿಗೆ ತೂತು ಹೊಡೆದುಬಿಡಬೇಕು. ತೂತಾದ ಕ್ಯಾನನ್ನು ಯಾರೂ ಎಣ್ಣೆಗೆ, ನೀರಿಗೆ ಎತ್ತಿಡುವುದಿಲ್ಲ.

ಅಜ್ಜಿಯ ಉಳಿತಾಯ ಬುದ್ಧಿಯನ್ನು ನಾನು ಹಳಿಯುತ್ತಿಲ್ಲ. ಬರ ಕಂಡ ಜನ ನಾವು, ಎಸೆಯಲು ನಮಗೆ ಕೈ ಬರುವುದಿಲ್ಲ. ಆದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು ಎಂದು ತಿಳಿಯುವುದಕ್ಕೆ ಓದಬೇಕು, ಇಲ್ಲವೇ ಓದಿದವರನ್ನು ಕೇಳಬೇಕು.

ನಮ್ಮ ಕಡಲೆಕಾಯಿಯನ್ನೇ ತೆಗೆದುಕೊಳ್ಳಿ. ಒಳ್ಳೆಯ ಕಾಯಿ ಮಂಡಿಗೆ ಹೋಗುತ್ತದೆ. ಮಳೆಗೆ ನೆನೆದು ಬೂಷ್ಟು ಹಿಡಿದದ್ದು, ಮುರುಟಿದ್ದು ಮನೆಯ ಚಟ್ನಿಗೆ ಉಳಿಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಆ ಬೂಷ್ಟು ಉಂಟುಮಾಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಅದು ಯಕೃತ್ತನ್ನು ಕೆಡಿಸುತ್ತದೆ, ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗುತ್ತದೆ. ಹುರಿದರೆ ಹೋಗುತ್ತದೆ ಎಂದು ನಂಬಬೇಡಿ, ನಮ್ಮ ಒಲೆಯ ಬಿಸಿಗೆ ಅದು ಪೂರ್ತಿ ಸಾಯುವುದಿಲ್ಲ. ಹಸುವಿಗೆ ಹಾಕಿದರೆ ಹಾಲಿನಲ್ಲಿ ಬರುತ್ತದೆ, ಆ ಹಾಲು ಕುಡಿಯುವುದು ನಮ್ಮ ಮಕ್ಕಳೇ. ಕಾಯಿಯನ್ನು ಅಲ್ಲಾಡಿಸಿದರೆ ಗಲಗಲ ಎನ್ನುವ ತನಕ ಒಣಗಿಸಿ. ನೆಲಕ್ಕೆ ತಾಗದಂತೆ ಮೂಟೆ ಇಡಿ. ಬೂಷ್ಟಿನ ಕಾಳನ್ನು ಆರಿಸಿ ಹೊರಗೆ ಹಾಕಿ. ಒಂದು ಮೊರ ಕಾಳು ಹೋಯಿತೆಂದು ಬೇಸರಪಡಬೇಡಿ.

ಇನ್ನು ಸಾಮೂಹಿಕ ಊಟ. ಮದುವೆ, ತಿಥಿ, ಜಾತ್ರೆ, ಪರ ಮುಗಿದ ಮಾರನೆಯ ದಿನ ನಮ್ಮ ಆಸ್ಪತ್ರೆಯ ಹಾಸಿಗೆಗಳು ತುಂಬಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಜನ ‘ದೃಷ್ಟಿ ಆಯ್ತು’ ಎನ್ನುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಇಳಿಸಿದ ಅನ್ನ ಮಧ್ಯಾಹ್ನ ನಾಲ್ಕರ ಪಂಕ್ತಿಗೂ ಅದೇ. ಬೇಯಿಸಿದ ಅಡುಗೆ ಒಂದೋ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ಉಗುರುಬೆಚ್ಚಗಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಕುದಿಯುವ ನೀರಿಗೂ ಬಗ್ಗುವುದಿಲ್ಲ. ಅದು ಒಮ್ಮೆ ಬಿಟ್ಟ ವಾಂತಿಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಅಡುಗೆ ಭಟ್ಟರಿಗೆ ಮೊದಲೇ ಹೇಳಿ: ಪಂಕ್ತಿ ನೋಡಿಕೊಂಡು ಅನ್ನ ಇಳಿಸಲಿ. ಇದರಿಂದ ಜನರ ಹೊಟ್ಟೆಯೂ ಉಳಿಯುತ್ತದೆ, ತಿಪ್ಪೆಗೆ ಹೋಗುವ ಅನ್ನವೂ ಉಳಿಯುತ್ತದೆ.

ವಾಂತಿಭೇದಿ ಆದಾಗ ಓಆರ್‌ಎಸ್ ಕೊಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಸವೆದಿದೆ. ಆಸ್ಪತ್ರೆಯಲ್ಲಿ ಸಿಗುವ ಪೊಟ್ಟಣದ ಮೇಲೆ 20.5 ಗ್ರಾಂ, ಒಂದು ಲೀಟರ್ ನೀರಿಗೆ ಎಂದು ಬರೆದಿರುತ್ತದೆ. ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ತೊಂದರೆ, ಮೂರು ಲೀಟರಿಗೆ ಸುರಿದರೆ ಪ್ರಯೋಜನವಿಲ್ಲ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಅಂಗಡಿಯ ಬಣ್ಣದ ಸಿಹಿ ಪಾನೀಯಗಳೂ ಇದೇ ಹೆಸರು ಹೊತ್ತು ಮಾರಾಟವಾಗುತ್ತಿದ್ದವು. ಸರಿಯಾದ ಸೂತ್ರವಿಲ್ಲದ ಪಾನೀಯಕ್ಕೆ ಓಆರ್‌ಎಸ್ ಎಂಬ ಹೆಸರು ಹಾಕಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶಿಸಿತು. ಆದೇಶ ದೆಹಲಿಯಲ್ಲಿ ಆಗುತ್ತದೆ, ಪೊಟ್ಟಣ ಓದುವವರು ಮಾತ್ರ ನಮ್ಮ ಮನೆಯಲ್ಲೇ ಇರಬೇಕು.

ಪ್ಯಾಕೆಟ್ ಓದುವ ಕ್ರಮ ಕಷ್ಟವೇನಲ್ಲ. ಆಹಾರ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡಿ. ದಿನಾಂಕ ನೋಡಿ. ಆಮೇಲೆ ಒಳಗೆ ಏನೇನಿದೆ ಎಂಬ ಪಟ್ಟಿ ನೋಡಿ. ತೂಕದಲ್ಲಿ ಯಾವುದು ಹೆಚ್ಚೋ ಅದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಮಕ್ಕಳಿಗೆ ಶಕ್ತಿ ಬರಲೆಂದು ತಂದ ಪುಡಿಯ ಪಟ್ಟಿಯಲ್ಲಿ ಸಕ್ಕರೆಯೇ ಮುಂದಿದ್ದರೆ ನೀವು ದುಬಾರಿ ಸಕ್ಕರೆ ಕೊಂಡಿರಿ ಎಂದು ಅರ್ಥ. ಆ ದುಡ್ಡಿಗೆ ಹುರಿಗಡಲೆ, ಬೆಲ್ಲ, ಎರಡು ಮೊಟ್ಟೆ ಬರುತ್ತಿತ್ತು. ಬಣ್ಣದ ಬಗ್ಗೆಯೂ ಎಚ್ಚರವಿರಲಿ. ಬಟ್ಟೆಗೆ ಹಾಕುವ ರೊಡಮೈನ್-ಬಿ ಬಣ್ಣ ಬೊಂಬಾಯಿ ಮಿಠಾಯಿಯಲ್ಲಿ ಸಿಕ್ಕಿದ್ದರಿಂದಲೇ 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಅದಕ್ಕೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಜಾತ್ರೆಯಲ್ಲಿ ಮಕ್ಕಳು ಕೈ ಹಿಡಿದು ಎಳೆದಾಗ ಇದು ನೆನಪಿರಲಿ.

ಗ್ಯಾಸ್ ಸಿಲಿಂಡರಿನಲ್ಲೂ ಓದುವುದಿದೆ. ಹಿಡಿಯ ಹತ್ತಿರದ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಇಸವಿ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಸಿ-27 ಎಂದಿದ್ದರೆ 2027ರ ಸೆಪ್ಟೆಂಬರ್ ಒಳಗೆ ಅದರ ಸುರಕ್ಷತಾ ಪರೀಕ್ಷೆ ಆಗಬೇಕು. ಅವಧಿ ದಾಟಿದ್ದರೆ ಬೇರೆಯದು ಕೊಡಿ ಎನ್ನಿ. ಖಾಲಿ ಸಿಲಿಂಡರಿನ ತೂಕವನ್ನೂ ಅದರ ಮೇಲೆಯೇ ಬರೆದಿರುತ್ತಾರೆ. ಅದಕ್ಕೆ 14.2 ಕೆ.ಜಿ. ಕೂಡಿಸಿದಷ್ಟು ತೂಗಬೇಕು. ತೂಗಿ ಕೊಡಿ ಎಂದು ಕೇಳುವುದು ಜಗಳವಲ್ಲ, ನಮ್ಮ ಹಕ್ಕು.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲಿನ ಕಂದು ಗೆರೆ, ಹಿರಿಯರ ಬಗ್ಗದ ಮಂಡಿ ನಾವು ದಿನವೂ ಕಾಣುವುದೇ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಮಳೆನೀರಿನಲ್ಲಿ ಮಾತ್ರ ಅದರ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಸೂರಿಗೆ ವರ್ಷದಲ್ಲಿ 500 ಮಿ.ಮೀ. ಬಿದ್ದರೂ 25,000 ಲೀಟರ್. ಕಾಲು ಭಾಗ ವ್ಯರ್ಥವಾಯಿತು ಎನ್ನಿ, 18,750 ಲೀಟರ್ ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಹಿಡಿದರೆ ವರ್ಷಕ್ಕೆ ಬೇಕಾದದ್ದು 14,600. ಅಷ್ಟನ್ನೂ ಹಿಡಿದಿಡುವ ತೊಟ್ಟಿಗೆ ಖರ್ಚಿದೆ, ನಿಜ. ಸಣ್ಣ ತೊಟ್ಟಿ ಕಟ್ಟಿದರೂ ಅಷ್ಟು ತಿಂಗಳು ಮಕ್ಕಳಿಗೆ ಒಳ್ಳೆಯ ನೀರು ಸಿಕ್ಕಿತು. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲಿ, ಶೋಧಿಸಿ ತುಂಬಿಸಿ, ಮುಚ್ಚಿಡಿ, ಕುಡಿಯುವ ಮುಂಚೆ ಕುದಿಸಿ.

ಕರೆಂಟು ಪುಕ್ಕಟೆ ಬಂದ ಮೇಲೆ ದೀಪ ಆರಿಸುವ ಅಭ್ಯಾಸ ತಪ್ಪಿದೆ. ಗೃಹಜ್ಯೋತಿಗೂ ಮಿತಿ ಇದೆ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ ಕೂಡ ಬೇಡ.

ಕೊನೆಯ ಲೆಕ್ಕ ಸಾಲದ್ದು. ‘ಮೂರು ರೂಪಾಯಿ ಬಡ್ಡಿ’ ಎಂದರೆ ಕಿವಿಗೆ ಹಗುರ. ಅದು ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ 36. ಮದುವೆಗೋ ದೇವರ ಕಾರ್ಯಕ್ಕೋ 50,000 ತಂದರೆ ವರ್ಷಕ್ಕೆ 18,000 ಬಡ್ಡಿ. ಮೂರು ವರ್ಷ ಅಸಲು ಮುಟ್ಟದಿದ್ದರೆ ಬಡ್ಡಿಯೇ 54,000 ಆಗಿ ಅಸಲನ್ನು ಮೀರುತ್ತದೆ. ಈ ಸರಳ ಬಡ್ಡಿಯ ಲೆಕ್ಕವನ್ನು ಇದೇ ಶಾಲೆಯಲ್ಲಿ ಕರಿಹಲಗೆಯ ಮೇಲೆ ಮಾಡಿದ್ದೇವೆ, ಅಂಕ ತೆಗೆದಿದ್ದೇವೆ. ಮನೆಯಲ್ಲಿ ಹೆಬ್ಬೆಟ್ಟು ಒತ್ತುವ ಮುಂಚೆ ಅಪ್ಪನಿಗೆ, ಅವ್ವನಿಗೆ ಆ ಲೆಕ್ಕ ಮಾಡಿ ತೋರಿಸಿದವರು ಎಷ್ಟು ಮಂದಿ? ಊಟಕ್ಕೆ ಎರಡು ಸಿಹಿ ಕಡಿಮೆಯಾದರೆ ಯಾರೂ ಉಪವಾಸ ಬೀಳುವುದಿಲ್ಲ. ಸಾಲ ತೀರಿಸಲು ಹೊಲ ಮಾರಿ ಊರು ಬಿಟ್ಟವರ ಬೀಗ ಹಾಕಿದ ಮನೆಗಳ ಮುಂದೆ ನಾನು ಪೋಲಿಯೊ ಲಸಿಕೆಯ ಗುರುತು ಬರೆದು ಬಂದಿದ್ದೇನೆ.

ನನ್ನದು ಮೂರು ಕೋರಿಕೆ. ಮಕ್ಕಳೇ, ಪ್ರತಿ ಭಾನುವಾರ ಮನೆಯ ಒಂದು ವಸ್ತುವಿನ ಚೀಟಿಯನ್ನು ಮನೆಯವರಿಗೆ ಕೇಳುವಂತೆ ಗಟ್ಟಿಯಾಗಿ ಓದಿ. ಒಂದು ವಾರ ಔಷಧಿ ಬಾಟಲಿ, ಇನ್ನೊಂದು ವಾರ ಎಣ್ಣೆ ಪ್ಯಾಕೆಟ್, ಮತ್ತೊಂದು ವಾರ ಸಂಘದ ಪಾಸ್ ಪುಸ್ತಕ. ಕೇಳಲಿಲ್ಲವಲ್ಲ ಎನ್ನಬೇಡಿ, ಕೇಳದಿದ್ದರೂ ಓದಿ. ಶಿಕ್ಷಕ ಬಂಧುಗಳೇ, ಗಣಿತದ ತರಗತಿಗೆ ಆಗಾಗ ಅಂಗಡಿಯ ಚೀಟಿ, ಕರೆಂಟು ಬಿಲ್ಲು ತರಿಸಿ. ಹಿರಿಯ ವಿದ್ಯಾರ್ಥಿ ಮಿತ್ರರೇ, ಸುವರ್ಣ ಮಹೋತ್ಸವದ ನೆನಪಿಗೆ ಏನಾದರೂ ಮಾಡಬೇಕೆಂದು ಬೆಳಿಗ್ಗೆಯಿಂದ ಮಾತಾಗುತ್ತಿದೆ. ಕಮಾನು ಕಟ್ಟುವ ಮೊದಲು ಈ ಕಟ್ಟಡದ ಸೂರಿಗೆ ದೋಣಿ ಕಟ್ಟಿಸಿ, ಕೆಳಗೊಂದು ಮಳೆನೀರಿನ ತೊಟ್ಟಿ ಮಾಡಿಸೋಣ. ನನ್ನ ಒಂದು ತಿಂಗಳ ಪಿಂಚಣಿಯನ್ನು ಅದಕ್ಕೆ ಕೊಡುತ್ತೇನೆಂದು ಈ ವೇದಿಕೆಯ ಮೇಲೆಯೇ ಹೇಳುತ್ತಿದ್ದೇನೆ.

ಇಷ್ಟು ಹೊತ್ತು ಬಿಸಿಲಿನಲ್ಲಿ ಕೂತು ಕೇಳಿದ್ದೀರಿ. ಮಧ್ಯಾಹ್ನದ ಊಟ ಸಿದ್ಧವಾಗಿದೆ ಎಂದು ಆಗಲೇ ಎರಡು ಸಲ ಚೀಟಿ ಬಂದಿದೆ, ಆರುವ ಮುಂಚೆ ಉಣ್ಣೋಣ.