ಪಹಣಿಯೂ ಗಣಕಯಂತ್ರವೂ

ನಾನು ತ್ಯಾವಣಿಗೆಯವನು. ಭದ್ರಾ ನಾಲೆಯ ನೀರುಂಡ ನಮ್ಮ ಸೀಮೆಯಲ್ಲಿ ಭೂಮಿಯೆಂದರೆ ಬದುಕು. ಆ ಬದುಕಿಗೆ ಸಾಕ್ಷಿ ಪಹಣಿ. ಹಿಂದೆ ಅದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಅವರು ಸಿಕ್ಕ ದಿನವೇ ರೈತನಿಗೆ ಶುಭದಿನ.

ಕಂದಾಯ ಇಲಾಖೆಯು 'ಭೂಮಿ' ಯೋಜನೆಯಲ್ಲಿ 2002ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಂತ್ರಾಂಶವನ್ನು ರೂಪಿಸಿದವರು ಎನ್.ಐ.ಸಿ.ಯ ತಜ್ಞರು. ತಾಲ್ಲೂಕು ಕೇಂದ್ರಗಳಲ್ಲಿ ಆಗ 15 ರೂಪಾಯಿಗೆ ಪ್ರತಿ ದೊರೆಯತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಸಾಗಬೇಕು, ಸಿಬ್ಬಂದಿ ಬೆರಳಚ್ಚು ಒತ್ತಿಯೇ ಯಂತ್ರವನ್ನು ಮುಟ್ಟಬೇಕು ಎಂಬ ಏರ್ಪಾಡಾಯಿತು. ಹೀಗೆ ಪ್ರತಿಯೊಂದು ತಿದ್ದುಪಡಿಗೂ ಒಬ್ಬ ಹೊಣೆಗಾರ ನಿಂತ.

ಆದರೆ ನಮ್ಮ ತಂದೆಯವರ ಹೆಸರಿನ ಒಂದಕ್ಷರ ಹಳೆಯ ಪುಸ್ತಕದಲ್ಲೇ ತಪ್ಪಿತ್ತು. ಯಂತ್ರ ಆ ತಪ್ಪನ್ನೇ ಅಂದವಾಗಿ ಅಚ್ಚುಹಾಕಿ ಕೊಟ್ಟಿತು. ಅಚ್ಚಾದ ತಪ್ಪನ್ನು ಅಲುಗಿಸುವುದು ಸುಲಭವಲ್ಲ. ಹಲವು ತಿಂಗಳು ಅಲೆದ ಮೇಲೆ ಸಿಬ್ಬಂದಿಯೊಬ್ಬರು ಹಳೆಯ ಕಡತ ತರಿಸಿ, ತಂದೆಯವರನ್ನು ಕೂರಿಸಿಕೊಂಡು ಓದಿದರು, ಅಕ್ಷರ ಸರಿಹೋಯಿತು.

ಯಂತ್ರ ಸರದಿಯನ್ನು ಕಾಯಬಲ್ಲದು. ಸರಿತಪ್ಪುಗಳನ್ನು ಕಾಯಬೇಕಾದವರು ಅದರ ಹಿಂದೆ ಕುಳಿತವರು. ಸರ್ಕಾರಿ ಕಚೇರಿಯೊಳಗಿನ ಗಣಕಶಾಖೆಯ ನಿಜವಾದ ಕೆಲಸ ಅದೇ ಎಂದು ನಾನು ತಿಳಿದಿದ್ದೇನೆ.